ಕುಕ್ಕರ್‌ಗೆ ಪೈಪ್ ಸಿಕ್ಕಿಸಿ ಓಮದ ಅರ್ಕ ಇಳಿಸಬೇಡಿ

ಕುಕ್ಕರ್‌ನ ವಿಸಲ್ ತೆಗೆದು ಆ ಜಾಗಕ್ಕೆ ಪೈಪ್ ಸಿಕ್ಕಿಸಿ ಓಮದ ಅರ್ಕ ಇಳಿಸಲು ಹೋದ ಮನೆಯೊಂದರಲ್ಲಿ ಪೈಪ್ ಕಿತ್ತುಬಂದು, ಕುದಿಯುವ ನೀರು ಓಮದ ಸಮೇತ ಒಬ್ಬರ ಮೊಣಕೈವರೆಗೆ ಎರಚಿ ಸುಟ್ಟಿದೆ. ಅಳತೆಯಲ್ಲಿ ತಪ್ಪಿರಲಿಲ್ಲ: 5 ಲೀಟರ್ ಕುಕ್ಕರ್, ಜಜ್ಜಿದ ಓಮ ಕಾಲು ಕೆಜಿ, ನೀರು ಎರಡೂವರೆ ಲೀಟರ್. ಎಡವಟ್ಟಾದದ್ದು ಬಕೆಟ್ಟಿನಲ್ಲಿ.

ಪೈಪಿನಿಂದ ಬರುವ ಹಬೆ ತಣಿದು ನೀರಾಗಲೆಂದು ತಾಮ್ರದ ಸುರುಳಿಯನ್ನು ಮುಳುಗಿಸಿಟ್ಟಿದ್ದ ಬಕೆಟ್ಟಿಗೆ ಐಸ್ ಸುರಿದಿದ್ದರು. ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ಪುದೀನ, ಮಜ್ಜಿಗೆ ಹುಲ್ಲಿಗೆ ನಡೆದೀತು, ಓಮಕ್ಕಲ್ಲ. ಓಮದ ಎಣ್ಣೆಯಲ್ಲಿ ದೊಡ್ಡ ಪಾಲು ಥೈಮಾಲ್ ಎಂಬ ಘಾಟು ವಸ್ತು. ಶುದ್ಧ ಥೈಮಾಲ್ ಸುಮಾರು 50 ಡಿಗ್ರಿಗೇ ಗಟ್ಟಿಯಾಗುತ್ತದೆ. ಉಳಿದ ಎಣ್ಣೆಯೊಂದಿಗೆ ಬೆರೆತಿದ್ದಾಗ ದ್ರವವಾಗಿಯೇ ಇಳಿಯಬಹುದು, ಆದರೆ ಐಸಿನ ತಣುವಿಗೆ ಸುರುಳಿಯ ಒಳಗೋಡೆಯಲ್ಲಿ ಬಿಳಿ ಸೂಜಿಯಂಥ ಹರಳುಗಳು ಕೂರುತ್ತವೆ. ಇತ್ತ ಜಜ್ಜಿದ ಓಮ ನೊರೆಯೊಂದಿಗೆ ಮೇಲೇರಿ ವಿಸಲ್ ಕೂರುವ ಸಣ್ಣ ತೂತಿಗೆ ಮೆತ್ತಿಕೊಂಡಿತ್ತು. ಎರಡೂ ಕಡೆ ದಾರಿ ಕಟ್ಟಿದ ಮೇಲೆ ಹಬೆ ಹೋಗುವುದೆಲ್ಲಿಗೆ?

ಇಲ್ಲೇ ಬಹಳ ಜನ ಮೋಸಹೋಗುವುದು. ತೊಟ್ಟಿಕ್ಕುವುದು ನಿಂತ ಕೂಡಲೇ ಉರಿ ಸಾಲದೆಂದು ಗ್ಯಾಸ್ ಜೋರು ಮಾಡುತ್ತಾರೆ. ಹನಿ ನಿಂತಿತೆಂದರೆ ಮೊದಲು ಒಲೆ ಆರಿಸಿ. ನೀರು ಬತ್ತಿದೆಯೋ, ದಾರಿ ಕಟ್ಟಿದೆಯೋ ಎಂದು ಕುಕ್ಕರ್ ಪೂರ್ತಿ ಆರಿದ ಮೇಲೆ ನೋಡಿದರಾಯಿತು. ಬಿಸಿಯಿರುವಾಗ ಪೈಪನ್ನು ಅಲ್ಲಾಡಿಸುವುದೂ ಬೇಡ. ಸೇಫ್ಟಿ ವಾಲ್ವ್ ಇದೆಯಲ್ಲ ಎನ್ನಬೇಡಿ, ಅದು ಹಾರುವುದಕ್ಕೆ ಮುಂಚೆಯೇ ಕ್ಲಿಪ್ ಹಾಕಿದ ಮೆತ್ತನೆಯ ಪೈಪ್ ಜಾರುತ್ತದೆ.

ಅಡುಗೆಮನೆಯ ಅಳತೆಗೆ ಹಳೆಯ ಪಾತ್ರೆ ವಿಧಾನವೇ ಸಾಕು. ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ಅದೇ ಅಳತೆಯ ಓಮ, ನೀರು ಹಾಕಿ ಅರ್ಧಕ್ಕೆ ನಿಲ್ಲಿಸಿ. ನಡುವೆ ಎತ್ತರದ ಸ್ಟ್ಯಾಂಡಿನ ಮೇಲೆ ಬಟ್ಟಲಿಡಿ. ಗುಮ್ಮಟದಂಥ ಮುಚ್ಚಳವನ್ನು ಬೋರಲಾಗಿ ಇಟ್ಟು, ಅದರ ಮೇಲೆ ತಣ್ಣೀರು ಹಾಕಿ. ಹಬೆ ಮುಚ್ಚಳದ ಅಡಿಗೆ ತಗಲಿ, ನೀರಾಗಿ, ನಡುವಿನ ತುದಿಯಿಂದ ಬಟ್ಟಲಿಗೆ ಇಳಿಯುತ್ತದೆ. ಅಂಚನ್ನು ಹಿಟ್ಟಿನಿಂದ ಬಿಗಿ ಮಾಡಲೇಬೇಡಿ. ಸ್ವಲ್ಪ ಹಬೆ ಹೋದರೆ ಹೋಗಲಿ. ಸಣ್ಣ ಉರಿ ಸಾಕು. ಮೇಲಿನ ನೀರು ಬಿಸಿಯಾದಾಗ ಬದಲಿಸಿ, ಐಸ್ ಬೇಡ. ಮುಚ್ಚಳಕ್ಕೆ ಬಿಳಿ ಹರಳು ಅಂಟಿದರೂ ತೊಂದರೆಯಿಲ್ಲ, ಬಿಸಿನೀರಿಗೆ ಬಿಡುತ್ತದೆ. ಬಟ್ಟಲು ತುಂಬಿದಾಗ ಒಲೆ ಆರಿಸಿ ಖಾಲಿ ಮಾಡಿ. ಒಟ್ಟು ಒಂದು ಲೀಟರ್ ಇಳಿದ ಮೇಲೆ ಆಸೆ ಬಿಡಿ. ಆಮೇಲೆ ಬರುವುದು ಸಪ್ಪೆ, ತಳ ಹಿಡಿದರೆ ಸೀದ ವಾಸನೆ.

ಸುರುಳಿಯೇ ಬೇಕೆಂದು ಎಲೆಕ್ಟ್ರಿಕ್ ಕೆಲಸದ ಸಾಲ್ಡರ್‌ನಲ್ಲಿ ಬೆಸೆಯುವವರಿದ್ದಾರೆ. ಆ ಸಾಲ್ಡರ್ ತಂತಿಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಕುಡಿಯುವ ವಸ್ತುವಿಗೆ ಅದು ಸಲ್ಲದು.

ಇನ್ನೊಂದು ಅಪಾಯಕಾರಿ ಸಲಹೆ, ಘಮ ಹೆಚ್ಚಲೆಂದು ಒಲೆಯ ಮೇಲಿಡುವ ಓಮದ ನೀರಿಗೆ ರಮ್ ಅಥವಾ ಸ್ಪಿರಿಟ್ ಬೆರೆಸುವುದು. ಮದ್ಯಸಾರ 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿ ಗ್ಯಾಸ್ ಒಲೆಯ ಜ್ವಾಲೆಗೆ ಸಿಕ್ಕರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಪೇಂಟ್ ಅಂಗಡಿಯ ಸ್ಪಿರಿಟ್‌ನಲ್ಲಿ ಮೆಥನಾಲ್ ಎಂಬ ವಿಷ ಇರಬಹುದು; ಮನೆಯ ಪಾತ್ರೆಯಲ್ಲಿ ಅದನ್ನು ಬೇರ್ಪಡಿಸಲಾಗದು, ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಪರವಾನಗಿ ಇಲ್ಲದೆ ಮದ್ಯ ಬಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ, ಮನೆಬಳಕೆಗೆಂದರೂ ಅಷ್ಟೆ.

ಇಳಿದ ಅರ್ಕದ ಮೇಲೆ ತೇಲುವ ಎಣ್ಣೆಯನ್ನು ಹಾಗೇ ಕುಡಿಯಬೇಡಿ, ಬಾಯಿ ಗಂಟಲು ಉರಿಯುತ್ತದೆ. ಅದನ್ನು ಚಮಚದಲ್ಲಿ ತೆಗೆಯಿರಿ. ಬಾಟಲಿಯನ್ನು ನೀರಿನಲ್ಲಿ ಕುದಿಸಿ ಒಣಗಿಸಿ, ಉಳಿದ ಅರ್ಕವನ್ನು ಅದಕ್ಕೆ ತುಂಬಿ ಫ್ರಿಜ್ಜಿನಲ್ಲಿಡಿ. ಎಳೆ ಎಳೆಯಾಗಿ ಏನಾದರೂ ತೇಲಿದರೆ ಚೆಲ್ಲಿಬಿಡಿ.