ಗಡಿಯಾರ, ಬೀಗ, ಗ್ರಂಥಾಲಯ: ಬರವಣಿಗೆಯ ಹೊತ್ತನ್ನು ಕಾಯುವ ಮೂರು ಉಪಾಯಗಳ ಹೋಲಿಕೆ

ಕಚೇರಿಯ ಕೆಲಸವನ್ನೂ ಮನೆಯ ಹೊಣೆಯನ್ನೂ ಇಟ್ಟುಕೊಂಡು ಕಥೆ ಬರೆಯುವವರಿಗೆ, ಅನುವಾದ ಮಾಡುವವರಿಗೆ ದಿನದಲ್ಲಿ ದಕ್ಕುವುದು ಹೆಚ್ಚೆಂದರೆ ಒಂದೂವರೆ ಎರಡು ಗಂಟೆ. ಆ ಹೊತ್ತು ಚೂರುಚೂರಾಗದಂತೆ ಕಾಯಲು ಜನ ಹೇಳುವ ಉಪಾಯಗಳಲ್ಲಿ ಮೂರನ್ನು ನಾನು ಬೇರೆಬೇರೆಯಾಗಿ, ಒಂದೊಂದಕ್ಕೂ ಸಾಕಷ್ಟು ಕಾಲ ಕೊಟ್ಟು ಬಳಸಿ ನೋಡಿದ್ದೇನೆ: ಇಪ್ಪತ್ತೈದು ನಿಮಿಷದ ಗಡಿಯಾರ, ಫೋನಿಗೆ ಹಾಕುವ ಬೀಗ ಮತ್ತು ಮನೆ ಬಿಟ್ಟು ಗ್ರಂಥಾಲಯದಲ್ಲಿ ಕೂರುವುದು. ಮೂರರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಾವು ಬರೆಯುತ್ತಿರುವುದು ಮೊದಲ ಕರಡೋ, ತಿದ್ದುತ್ತಿರುವ ಪ್ರತಿಯೋ, ಗಮನವನ್ನು ಎಳೆಯುತ್ತಿರುವುದು ಹೊರಗಿನ ಸದ್ದೋ, ಒಳಗಿನ ತಳಮಳವೋ ಎಂಬುದನ್ನು ನೋಡಿ ಆರಿಸಬೇಕಾಗುತ್ತದೆ.

ಮೊದಲನೆಯದು 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ರೂಪಿಸಿಕೊಂಡ ಪೊಮೊಡೊರೊ ಪದ್ಧತಿ. ಟೊಮೆಟೊ ಆಕಾರದ ಅಡುಗೆಮನೆಯ ಟೈಮರನ್ನು ತಿರುಗಿಸಿಟ್ಟು 25 ನಿಮಿಷ ಕೆಲಸ, 5 ನಿಮಿಷ ಬಿಡುವು, ಇಂಥ ನಾಲ್ಕು ಸುತ್ತುಗಳಾದ ಮೇಲೆ ಸ್ವಲ್ಪ ದೀರ್ಘವಾದ ವಿಶ್ರಾಂತಿ ಎಂಬುದು ಅದರ ಕ್ರಮ. ಕರಡಚ್ಚು ತಿದ್ದುವಾಗ, ಕೈಬರಹದ ಹಾಳೆಗಳನ್ನು ಟೈಪ್ ಮಾಡುವಾಗ, ಮುಂದೂಡುತ್ತ ಬಂದ ಪತ್ರಗಳಿಗೆ ಉತ್ತರ ಬರೆಯುವಾಗ ಇದಕ್ಕಿಂತ ಒಳ್ಳೆಯ ಊರುಗೋಲು ನನಗೆ ಸಿಕ್ಕಿಲ್ಲ. ಬೇಸರ ತರಿಸುವ ಕೆಲಸಕ್ಕೂ ಒಂದು ಕೊನೆಯಿದೆ ಎಂಬ ಭರವಸೆ ಇದ್ದರೆ ಕೂರುವುದು ಸುಲಭವಾಗುತ್ತದೆ. ಆದರೆ ಕಥೆಯ ಮೊದಲ ಕರಡಿಗೆ ಈ ಗಡಿಯಾರ ಒಗ್ಗುವುದಿಲ್ಲ. ಅರ್ಧ ಗಂಟೆ ತಡವರಿಸಿದ ಮೇಲೆ ಇಬ್ಬರು ಪಾತ್ರಧಾರಿಗಳು ತಮ್ಮ ಪಾಡಿಗೆ ತಾವು ಮಾತಾಡತೊಡಗಿರುತ್ತಾರೆ. ಅಂಥ ಹೊತ್ತಿನಲ್ಲಿ ಗಂಟೆ ಬಾರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಐದು ನಿಮಿಷ ಕಳೆದು ಬಂದಾಗ ಆ ದನಿ ಹಾಗೆಯೇ ಇರುವುದಿಲ್ಲ. ಮುಗಿಸದೆ ಬಿಟ್ಟ ಕೆಲಸದಲ್ಲಿ ಗಮನದ ಒಂದು ಪಾಲು ಉಳಿದುಬಿಟ್ಟು ಮುಂದಿನ ಕೆಲಸವನ್ನು ಮಂಕಾಗಿಸುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿದೆ. ಫೋನು ಕಾಡುವಾಗ ಆಗುವ ನಷ್ಟವನ್ನೇ ಇಲ್ಲಿ ಟೈಮರು ಉಂಟುಮಾಡುತ್ತದೆ ಎಂದು ನನಗನ್ನಿಸುತ್ತದೆ.

ಈ ಪದ್ಧತಿಯ ನಿಜವಾದ ಬೆಲೆ ಇರುವುದು ಹೆಚ್ಚಿನವರು ಬಿಟ್ಟುಬಿಡುವ ಒಂದು ಸಣ್ಣ ಭಾಗದಲ್ಲಿ. ಅಡ್ಡಿಗಳನ್ನು ಚಿರಿಲ್ಲೊ ಒಳಗಿನವು, ಹೊರಗಿನವು ಎಂದು ಎರಡಾಗಿ ವಿಂಗಡಿಸಿ, ಅವು ತಲೆದೋರಿದಾಗ ಹಾಳೆಯ ಮೇಲೆ ಬೇರೆಬೇರೆ ಗುರುತು ಹಾಕಿ, ಬಂದ ಯೋಚನೆಯನ್ನು ಬರೆದಿಟ್ಟು, ಮತ್ತೆ ಕೆಲಸಕ್ಕೆ ಮರಳಬೇಕೆನ್ನುತ್ತಾರೆ. ಟೈಮರನ್ನು ಬದಿಗಿಟ್ಟರೂ ಆ ಹಾಳೆಯನ್ನು ನಾನು ಬಿಟ್ಟಿಲ್ಲ. ಅದರಲ್ಲಿ ತುಂಬುವುದೆಲ್ಲ ಬಹುಪಾಲು ಒಳಗಿನ ಗುರುತುಗಳೇ: ವಿದ್ಯುತ್ ಬಿಲ್ಲು ಕಟ್ಟಬೇಕು, ಸಂಪಾದಕರ ಉತ್ತರ ಬಂದಿದೆಯೋ ನೋಡಬೇಕು, ಕಥೆಯಲ್ಲಿ ಬರುವ ಹಬ್ಬ ಯಾವ ಮಾಸದ್ದೆಂದು ಪಂಚಾಂಗ ತೆಗೆಯಬೇಕು. ಇವು ಏಳುವ ಹೊತ್ತನ್ನು ಗಮನಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ವಾಕ್ಯ ಸರಾಗವಾಗಿ ಬರುತ್ತಿರುವಾಗ ಬಿಲ್ಲಿನ ನೆನಪು ಯಾರಿಗೂ ಆಗುವುದಿಲ್ಲ. ವಾಕ್ಯ ಸಿಕ್ಕಿಕೊಂಡ ಕೂಡಲೇ ಆಗುತ್ತದೆ. ಹೀಗಾಗಿ ಆ ಹಾಳೆಯೇ ಕರಡಿನಲ್ಲಿ ಎಲ್ಲಿ ತೊಡಕಿದೆ ಎಂಬುದನ್ನೂ ತೋರಿಸಿಕೊಡುತ್ತದೆ.

ಎರಡನೆಯ ಉಪಾಯವಾದ ಬೀಗದಲ್ಲಿ ಎರಡು ಬಗೆಗಳಿವೆ. ಒಂದು ತಂತ್ರಾಂಶದ ಬೀಗ. ಆಂಡ್ರಾಯ್ಡ್ ಫೋನುಗಳಲ್ಲಿರುವ ಡಿಜಿಟಲ್ ವೆಲ್‌ಬೀಯಿಂಗ್‌ನ ಫೋಕಸ್ ಮೋಡ್ ನಾವು ಆರಿಸಿದ ಆ್ಯಪ್‌ಗಳನ್ನು ತಡೆಹಿಡಿಯುತ್ತದೆ. ಆದರೆ 5, 15 ಅಥವಾ 30 ನಿಮಿಷದ ಬಿಡುವು ಬೇಕೇ ಎಂದು ಅದೇ ಕೇಳುತ್ತದೆ. ಕೀಲಿಕೈಯನ್ನು ಬೀಗಕ್ಕೇ ಕಟ್ಟಿಟ್ಟರೆ ಅದು ಎಷ್ಟು ಕಾಲ ತಡೆದೀತು? ಇನ್ನೊಂದು ದೂರದ ಬೀಗ, ಅಂದರೆ ಫೋನನ್ನು ಬೇರೆ ಕೋಣೆಯಲ್ಲಿ ಇಡುವುದು. ಟೆಕ್ಸಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನನ್ನು ಮೇಜಿನ ಮೇಲಿಟ್ಟವರಿಗಿಂತ ಬೇರೆ ಕೋಣೆಯಲ್ಲಿ ಬಿಟ್ಟುಬಂದವರು ನೆನಪು ಮತ್ತು ತಾರ್ಕಿಕ ಯೋಚನೆಯ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದ್ದರು. ಆಮೇಲೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಎಲ್ಲವೂ ಇದೇ ಫಲಿತಾಂಶ ಕೊಟ್ಟಿಲ್ಲವಾದ್ದರಿಂದ ಅದನ್ನು ಕೊನೆಯ ಮಾತೆಂದು ಹಿಡಿಯಲಾಗದು. ಆದರೂ ನನ್ನ ಅನುಭವ ಅದರ ಕಡೆಗೇ ವಾಲುತ್ತದೆ. ಎದ್ದು, ಬಾಗಿಲು ದಾಟಿ, ನಡುಮನೆಗೆ ಹೋಗುವಷ್ಟರಲ್ಲಿ ಏಕೆ ಎದ್ದೆನೆಂಬುದು ಅರಿವಿಗೆ ಬರುತ್ತದೆ. ಕೈಯಳತೆಯಲ್ಲಿದ್ದ ಫೋನಿನ ವಿಷಯದಲ್ಲಿ ಆ ಅರಿವಿಗೆ ಎಡೆಯೇ ಇರುವುದಿಲ್ಲ.

ವಯಸ್ಸಾದ ತಾಯಿತಂದೆಯರು ಊರಿನಲ್ಲಿದ್ದವರಿಗೆ ಫೋನನ್ನು ಪೂರಾ ಆರಿಸಿಡುವ ಧೈರ್ಯ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಡು ನಾಟ್ ಡಿಸ್ಟರ್ಬ್ ಹಾಕಿದಾಗಲೂ ಗುರುತು ಮಾಡಿದ ಕೆಲವರ ಕರೆಗಳು ಸದ್ದು ಮಾಡುವಂತೆ ಹೊಂದಿಸಬಹುದು. ಆಂಡ್ರಾಯ್ಡ್‌ನಲ್ಲಿ ಒಂದೇ ಸಂಖ್ಯೆಯಿಂದ 15 ನಿಮಿಷದೊಳಗೆ ಎರಡನೆಯ ಸಲ ಕರೆ ಬಂದರೆ ಅದಕ್ಕೂ ದಾರಿ ಬಿಡಬಹುದು. ಅಮ್ಮನಿಗೆ ಇದನ್ನು ಹೇಳಿಟ್ಟಿದ್ದೇನೆ: ತುರ್ತಿದ್ದರೆ ಎರಡು ಸಲ ಮಾಡಿ ಎಂದು. ಡೇಟಾ ಆರಿಸಿ, ರಿಂಗಣದ ಸದ್ದು ಜೋರಾಗಿಟ್ಟು, ಫೋನನ್ನು ಟೀವಿಯ ಪಕ್ಕದಲ್ಲಿಡುತ್ತೇನೆ. ಹಿಂದೆ ಮನೆಮನೆಯಲ್ಲಿದ್ದ ಸ್ಥಿರ ದೂರವಾಣಿಯ ಕೆಲಸವನ್ನಷ್ಟೇ ಅದು ಆ ಹೊತ್ತಿನಲ್ಲಿ ಮಾಡುತ್ತದೆ. ಮೂರು ಉಪಾಯಗಳಲ್ಲಿ ಖರ್ಚಿಲ್ಲದೆ, ಪ್ರಯಾಣವಿಲ್ಲದೆ, ಎಲ್ಲ ದಿನವೂ ನಡೆಯುವುದು ಇದೊಂದೇ; ಹೊಸದಾಗಿ ತೊಡಗುವವರು ಇದರಿಂದಲೇ ಆರಂಭಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಗ್ರಂಥಾಲಯದ ಮಾತು ಬೇರೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, 1915ರಲ್ಲಿ ಕಟ್ಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವೇ ಆಗಲಿ, ಬಡಾವಣೆಯ ಶಾಖಾ ಗ್ರಂಥಾಲಯವೇ ಆಗಲಿ, ಅಲ್ಲಿ ಕೂತಾಗ ಸಿಗುವ ದೊಡ್ಡ ನೆರವು ಇತರರ ಏಕಾಗ್ರತೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಲೆಯೆತ್ತದೆ ಟಿಪ್ಪಣಿ ಮಾಡಿಕೊಳ್ಳುತ್ತಿರುವ ಮೇಜಿನಲ್ಲಿ ಫೋನು ತೆಗೆಯಲು ಮನಸ್ಸು ಬರುವುದಿಲ್ಲ. ಕಥೆಯ ಒಟ್ಟು ಹಂದರವನ್ನು ಯೋಚಿಸಲು, ಬರೆಯುವ ಮುನ್ನ ಓದಬೇಕಾದ್ದನ್ನು ಓದಲು ಈ ಜಾಗ ಮನೆಗಿಂತ ಎಷ್ಟೋ ಮೇಲು. ಆದರೆ ನಾನು ಸಂಭಾಷಣೆಗಳನ್ನು ಗಟ್ಟಿಯಾಗಿ ಓದಿ ಕಿವಿಯಿಂದ ತಿದ್ದುವವರ ಪೈಕಿ. ಧಾರವಾಡದ ಮಾತೋ ಮಂಡ್ಯದ ಮಾತೋ ಸರಿಯಾಗಿ ಬಂದಿದೆಯೇ ಎಂಬುದು ಕಣ್ಣಿಗಿಂತ ಕಿವಿಗೆ ಮೊದಲು ತಿಳಿಯುತ್ತದೆ. ಅದನ್ನು ಗ್ರಂಥಾಲಯದಲ್ಲಿ ಮಾಡಲಾಗದು. ನಗರದ ಸಂಚಾರದಲ್ಲಿ ಹೋಗಿಬರುವ ಹೊತ್ತನ್ನು ಲೆಕ್ಕ ಹಾಕಿದರೆ ರಜೆಯ ದಿನಗಳಿಗಷ್ಟೇ ಅದು ಸಾಧ್ಯ.

ಕಾಗದವೋ ಕಂಪ್ಯೂಟರೋ ಎಂಬುದರ ಬಗ್ಗೆ ಒಂದು ಮಾತು ಸಾಕು. ಸಂಧಿ, ಸಮಾಸ, ಪ್ರತ್ಯಯಗಳಿಂದ ಬೆಳೆಯುವ ಕನ್ನಡದ ಪದಗಳನ್ನು ಕಾಗುಣಿತ ಪರೀಕ್ಷಕಗಳು ಹಲವು ಸಲ ಗುರುತಿಸದೆ, ಸರಿಯಾದ ಪದದ ಕೆಳಗೂ ಕೆಂಪು ಗೆರೆ ಎಳೆಯುತ್ತವೆ. ಪುಟ ತುಂಬ ಕೆಂಪು ಕಂಡಾಗ ಕಣ್ಣು ಹಿಂದಕ್ಕೇ ಎಳೆಯುತ್ತದೆ. ಕರಡು ಮುಗಿಯುವವರೆಗೆ ಆ ಪರೀಕ್ಷಕವನ್ನು ಆರಿಸಿಡುವುದು ಒಳ್ಳೆಯದು.

ಅನುವಾದಕರ ಕಷ್ಟಕ್ಕೆ ಈ ಯಾವ ಬೀಗವೂ ಪೂರ್ತಿ ಸಾಲದು, ಏಕೆಂದರೆ ಅವರಿಗೆ ನಿಘಂಟು ಬೇಕೇ ಬೇಕು, ಮತ್ತು ನಿಘಂಟು ಇಂದು ಇರುವುದು ಅಂತರ್ಜಾಲದಲ್ಲಿ. ಭಾರತವಾಣಿ, ಪದಕಣಜಗಳಂಥ ತಾಣಗಳಲ್ಲಿ ಹಲವು ನಿಘಂಟುಗಳನ್ನು ಒಟ್ಟಿಗೆ ಹುಡುಕಬಹುದಾದ ಅನುಕೂಲ ದೊಡ್ಡದು; ಆದರೆ ಒಂದು ಪದಕ್ಕಾಗಿ ತೆರೆದ ಬ್ರೌಸರು ಇನ್ನೊಂದು ಪುಟವನ್ನು ತೆರೆಸುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನ ಅಚ್ಚಾದ ಪ್ರತಿಯಲ್ಲೂ ಪಕ್ಕದ ಪದಗಳು ಕಣ್ಣು ಸೆಳೆಯುತ್ತವೆ, ಆದರೆ ಅವು ಮತ್ತೆ ಭಾಷೆಯ ಕಡೆಗೇ ಕರೆತರುತ್ತವೆ. ಗದ್ಯದ ಅನುವಾದದಲ್ಲಿ ನಾನು ತಿಳಿಯದ ಪದವನ್ನು ಮೂಲದಲ್ಲಿದ್ದಂತೆಯೇ ಬರೆದು, ಸುತ್ತ ಗೆರೆ ಹಾಕಿ ಮುಂದೆ ಸಾಗುತ್ತೇನೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ತಾಣಗಳಲ್ಲಿ ಒಟ್ಟಿಗೆ ನೋಡುತ್ತೇನೆ. ಕವಿತೆಗೆ ಈ ಕ್ರಮ ನಡೆಯದು. ಅಲ್ಲಿ ಒಂದು ಪದದ ಅಳತೆ ಮತ್ತು ನಾದ ತೀರ್ಮಾನವಾಗದೆ ಮುಂದಿನ ಸಾಲು ಹುಟ್ಟುವುದಿಲ್ಲವಾದ್ದರಿಂದ, ಕವಿತೆಯ ದಿನಗಳಲ್ಲಿ ಅಂತರ್ಜಾಲವನ್ನು ಪೂರ್ತಿ ಆರಿಸಿ, ಅಚ್ಚಿನ ನಿಘಂಟನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡೇ ಕೂರುತ್ತೇನೆ.