ಒಂದು ಸೆಮಿಸ್ಟರ್‌ಗೆ ಎಕ್ಸ್‌ಚೇಂಜ್ ಹೋಗೋದು ಜರ್ಮನಿಯ ಮ್ಯೂನಿಕ್‌ಗಾ, ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ಗಾ?

ಮೊದಲು ಕ್ಯಾಲೆಂಡರ್ ನೋಡಿ, ಎಲ್ರೂ ಮರೆಯೋದು ಅದನ್ನೇ. ಮ್ಯೂನಿಕ್‌ನಲ್ಲಿ ಕ್ಲಾಸ್ ಶುರುವಾಗೋದೇ ಅಕ್ಟೋಬರ್ ಮಧ್ಯಕ್ಕೆ, ಪರೀಕ್ಷೆ ಫೆಬ್ರವರಿ ದಾಟಿದ್ರೂ ದಾಟ್ತು, ಅಷ್ಟರಲ್ಲಿ ನಮ್ಮ ಕಾಲೇಜಲ್ಲಿ ಮುಂದಿನ ಸೆಮ್ ಶುರುವಾಗಿರುತ್ತೋ ಏನೋ ವಿಚಾರಿಸ್ಕೊಳ್ಳಿ. ಡೆಲ್ಫ್ಟ್‌ನಲ್ಲಿ ಸೆಪ್ಟೆಂಬರ್‌ಗೆ ಶುರುವಾಗಿ ಹೆಚ್ಚುಕಮ್ಮಿ ಜನವರಿ ಕೊನೆಗೆ ಮುಗಿಯುತ್ತೆ, ಆದ್ರೆ ಸೆಮಿಸ್ಟರ್ ಎರಡು ಕ್ವಾರ್ಟರ್ ಆಗಿರೋದ್ರಿಂದ ಹತ್ತು ವಾರಕ್ಕೇ ಪರೀಕ್ಷೆ ಬಂದುಬಿಡುತ್ತೆ, ಉಸಿರಾಡೋಕೂ ಟೈಮ್ ಇರಲ್ಲ.

ವೀಸಾ ವಿಷಯದಲ್ಲಿ ಡೆಲ್ಫ್ಟೇ ಸಲೀಸು, ಅರ್ಜಿ ಹಾಕೋದು ಯೂನಿವರ್ಸಿಟಿನೇ. ಜರ್ಮನಿಗಾದ್ರೆ ನಾವೇ ಓಡಾಡ್ಬೇಕು, ಸ್ಕಾಲರ್‌ಶಿಪ್ ಇಲ್ದಿದ್ರೆ ಬ್ಲಾಕ್ಡ್ ಅಕೌಂಟಲ್ಲಿ (ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯೋಕಾಗೋ ಬ್ಯಾಂಕ್ ಖಾತೆ) ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ದುಡ್ಡಿಡ್ಬೇಕು (2024ರಲ್ಲಿ ಏರಿಸಿದ ಮೊತ್ತ ಇದು).

ರೂಮ್ ಎರಡೂ ಕಡೆ ಕಷ್ಟಾನೇ, ಬಾಡಿಗೆನೂ ಜಾಸ್ತಿ. ಜರ್ಮನ್ ಕಲೀಬೇಕು ಅನ್ನೋ ಆಸೆ ಇದ್ರೆ ಮಾತ್ರ ನಾನು ಮ್ಯೂನಿಕ್ ಅಂತೀನಿ.