ದೊಡ್ಡ ಮಾದರಿ ದೋಣಿಗೆ ಹುಲ್ಲು ಕತ್ತರಿಸುವ ಎಂಜಿನ್ ಕೂರಿಸಬೇಡಿ

ನನ್ನ ಸೋದರಳಿಯನ ಬಲ ಅಂಗೈಗೆ ಏಳು ಹೊಲಿಗೆ ಬಿದ್ದಿವೆ. ಗಾಯ ಮಾಡಿದ್ದು ನಾನೇ ಕಟ್ಟಿದ ರಿಮೋಟ್ ದೋಣಿಯ ಹಿತ್ತಾಳೆ ಫ್ಯಾನು. ನಮ್ಮ ಕರಾವಳಿಯಲ್ಲಿ ಪ್ರೊಪೆಲ್ಲರನ್ನು ಫ್ಯಾನು ಎಂದೇ ಕರೆಯುವುದು. ಇಂಥ ದೋಣಿ ಕಟ್ಟುವ ಆಸೆಯಿರುವವರು ಎಂಜಿನ್ ಕೊಳ್ಳುವ ಮೊದಲು ಇದನ್ನು ದಯವಿಟ್ಟು ಪೂರ್ತಿ ಓದಿ.

ದೋಣಿ ಐದು ಅಡಿ ಉದ್ದದ್ದು. ಮಲ್ಪೆಯಲ್ಲಿ ಕಾಣುವ 60 ಅಡಿಯ ಟ್ರಾಲ್ ಬೋಟಿನ ಹನ್ನೆರಡನೇ ಒಂದು ಅಳತೆ. ಪ್ಲೈವುಡ್ಡಿನ ಮೇಲೆ ಫೈಬರ್ ಹೊದಿಸಿ, ಎರಡು ವರ್ಷ ರಾತ್ರಿ ಕುಳಿತು ಕಟ್ಟಿದ್ದೆ. ತುಂಬಿದಾಗ ತೂಕ 24 ಕಿಲೋ. ಇಷ್ಟು ಭಾರಕ್ಕೆ ದೊಡ್ಡ ಎಂಜಿನ್ನೇ ಬೇಕು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಯಂತ್ರದ ಅಂಗಡಿಯವರು ಅಡಿಕೆ ತೋಟಗಳಲ್ಲಿ ಹುಲ್ಲು ಕತ್ತರಿಸಲು ಬಳಸುವ 52 ಸಿಸಿ ಟೂ ಸ್ಟ್ರೋಕ್ ಎಂಜಿನ್ ತೋರಿಸಿದರು. "ಎರಡು ಎಚ್‌ಪಿ ಸರ್, ನಿಮ್ಮ ದೋಣಿ ಹಾರುತ್ತದೆ" ಎಂದರು. ಏಳು ಸಾವಿರ ಕೊಟ್ಟು ತಂದೆ.

ಎಂಜಿನ್ನಿನ ತುದಿಯಲ್ಲಿದ್ದ ಕ್ಲಚ್ ಬಿಚ್ಚಿಸಿ, ಲೇತ್ ಅಂಗಡಿಯಲ್ಲಿ ಕಪ್ಲಿಂಗ್ ಮಾಡಿಸಿ, ಶಾಫ್ಟನ್ನು ನೇರವಾಗಿ ಜೋಡಿಸಿದೆ. ನನ್ನ ಮೊದಲ ತಪ್ಪು ಅದು. ಕ್ಲಚ್ ಇದ್ದಾಗ ಐಡಲಿನಲ್ಲಿ, ಅಂದರೆ ಅತಿ ಕಡಿಮೆ ವೇಗದಲ್ಲಿ, ಎಂಜಿನ್ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಫ್ಯಾನು ನಿಂತಿರುತ್ತದೆ. ಅದು ಹೋದ ಮೇಲೆ ಎಂಜಿನ್ ಓಡುವಷ್ಟು ಹೊತ್ತೂ ಫ್ಯಾನು ತಿರುಗಲೇಬೇಕು. ನೂರು ಮಿಲಿಮೀಟರ್ ಅಗಲದ ಫ್ಯಾನನ್ನು ನೀರಿಗಿಳಿಸಿದ ಕೂಡಲೇ ಭಾರ ತಾಳದೆ ಎಂಜಿನ್ ನಿಂತುಹೋಗುತ್ತಿತ್ತು. ಆಗ ಐಡಲ್ ಸ್ಕ್ರೂ ತಿರುಗಿಸಿ ವೇಗ ಏರಿಸಿದೆ. ಕಾರ್ಬುರೇಟರಿನ ಸ್ಪ್ರಿಂಗ್ ಎಳೆಯಲು ಸರ್ವೋ (ರಿಮೋಟಿನ ಆಜ್ಞೆಯಂತೆ ಕಡ್ಡಿ ಎಳೆಯುವ ಪುಟ್ಟ ಮೋಟಾರು) ಒದ್ದಾಡುತ್ತಿದೆ ಎಂದು ಆ ಸ್ಪ್ರಿಂಗನ್ನೂ ತೆಗೆದೆ. ಒಂದೊಂದು ತೊಂದರೆಗೆ ಒಂದೊಂದು ಪರಿಹಾರ ಕಂಡುಕೊಂಡೆ ಎಂದು ಆಗ ಸಮಾಧಾನವಾಗಿತ್ತು. ನಿಜಕ್ಕೂ ಎಂಜಿನ್ ತಾನಾಗಿ ನಿಲ್ಲಲು ಇದ್ದ ದಾರಿಗಳನ್ನೆಲ್ಲ ನನ್ನ ಕೈಯಾರೆ ಮುಚ್ಚಿದ್ದೆ.

ಮೊದಲ ದಿನ ಹನ್ನೆರಡು ನಿಮಿಷ ಓಡಿ, ಕಿರುಗುಟ್ಟಿ ನಿಂತಿತು. ಅಂಗಡಿಯವರು ಆಯಿಲ್ ಕಡಿಮೆಯಾಗಿದೆ ಎಂದರು. ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಅಳೆದೇ ಬೆರೆಸಿದ್ದೆ. ಸಿಲಿಂಡರ್ ಬಿಚ್ಚಿ ನೋಡಿದರೆ, ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಮೇಲಿನಿಂದ ಕೆಳಗೆ ಉಗುರಿನಿಂದ ಪರಚಿದಂಥ ಗೆರೆಗಳು. ಅಲ್ಯೂಮಿನಿಯಂ ಕಾದು ಹಿಗ್ಗಿ ಗೋಡೆಗೆ ಕಚ್ಚಿದ ಗುರುತು. ಈ ಎಂಜಿನ್ ತಣ್ಣಗಾಗುವುದು ಗಾಳಿಯಿಂದ. ಫ್ಲೈವೀಲಿನ ರೆಕ್ಕೆಗಳು ಹೊರಗಿನ ಗಾಳಿಯನ್ನು ಸಿಲಿಂಡರಿನ ಮೇಲೆ ಬೀಸುತ್ತವೆ. ತೋಟದಲ್ಲಿ, ಬಯಲಿನಲ್ಲಿ, ದಿನವಿಡೀ ಓಡಿದರೂ ಏನೂ ಆಗುವುದಿಲ್ಲ. ಮುಚ್ಚಿದ ದೋಣಿಯ ಹೊಟ್ಟೆಯಲ್ಲಿ ಅದು ತನ್ನದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಬೀಸಿಕೊಳ್ಳುತ್ತದೆ. ಫ್ಯಾನಿನ ಭಾರಕ್ಕೆ ತಿಣುಕುವ ಎಂಜಿನ್ನಾದರೆ ಕಾವು ಇನ್ನೂ ಬೇಗ ಏರುತ್ತದೆ.

ಅಲ್ಲಿಗೇ ಬಿಡಬೇಕಿತ್ತು. ನಾನು ಹೊಸ ಪಿಸ್ಟನ್ ಹಾಕಿಸಿ, ಮೇಲ್ಮುಚ್ಚಳದಲ್ಲಿ ನಾಲ್ಕು ತೂತು ಕೊರೆದು, ಮುಂದಿನ ಭಾನುವಾರ ಮತ್ತೆ ಕೆರೆಗೆ ಹೋದೆ.

ನೀರಿಗಿಳಿದ ಐದು ನಿಮಿಷಕ್ಕೆ, ನಾನು ರಿಮೋಟಿನಲ್ಲಿ ವೇಗ ಇಳಿಸಿದರೂ ದೋಣಿಯ ಸದ್ದು ಇಳಿಯಲಿಲ್ಲ. ಸರ್ವೋದಿಂದ ಕಾರ್ಬುರೇಟರಿಗೆ ಹೋಗುವ ಕಡ್ಡಿಯ ಸ್ಕ್ರೂ ಕಂಪನಕ್ಕೆ ಸಡಿಲಗೊಂಡು ಕಡ್ಡಿ ಕಳಚಿತ್ತು. ಸ್ಪ್ರಿಂಗ್ ಇದ್ದಿದ್ದರೆ ಥ್ರಾಟಲ್, ಅಂದರೆ ಎಂಜಿನ್ನಿನ ವೇಗ ಏರಿಸಿ ಇಳಿಸುವ ಬಾಗಿಲು, ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ದೋಣಿ ಹಿಂಭಾಗ ಕುಕ್ಕರಿಸಿ, ಮೂತಿ ಎತ್ತಿ, ಬಟ್ಟೆ ಒಗೆಯುವ ಮೆಟ್ಟಿಲುಗಳ ಕಡೆಗೆ ಹೊರಟಿತು. ಚುಕ್ಕಾಣಿ ಮಾತ್ರ ನನ್ನ ಕೈಯಲ್ಲಿತ್ತು. ಮೆಟ್ಟಿಲ ಬಳಿ ಇಬ್ಬರು ಹೆಂಗಸರಿದ್ದರು. ಅವರನ್ನು ತಪ್ಪಿಸಲು ಪಕ್ಕದ ಕೆಸರಿನ ದಡಕ್ಕೆ ತಿರುಗಿಸಿದೆ. ದೋಣಿ ದಡವೇರಿ ವಾಲಿತು. ನೀರಿನಿಂದ ಅರ್ಧ ಮೇಲೆದ್ದ ಫ್ಯಾನು ಹುಚ್ಚು ವೇಗದಲ್ಲಿ ತಿರುಗತೊಡಗಿತು.

ಎಂಜಿನ್ ಆರಿಸುವ ಸ್ವಿಚ್ ಮುಚ್ಚಳದ ಒಳಗಿತ್ತು. ನಾನು ಕೆರೆಯ ಇನ್ನೊಂದು ಬದಿಯಲ್ಲಿದ್ದೆ. ಒಂಬತ್ತನೇ ತರಗತಿಯ ಹುಡುಗ "ಮಾವ, ನಾನು ಹಿಡಿದೆ" ಎಂದು ಕೂಗುತ್ತಾ ಓಡಿ, ಉರುಳುತ್ತಿದ್ದ ದೋಣಿಯನ್ನು ಹಿಂಭಾಗದಲ್ಲಿ ಹಿಡಿದ. ಹಿತ್ತಾಳೆಯ ಅಲಗು ಹೆಬ್ಬೆರಳ ಬುಡದಿಂದ ಕಿರುಬೆರಳವರೆಗೆ ಸೀಳಿತು. ಎರಡೇ ಕ್ಷಣ.

ಈಗ ಲೆಕ್ಕ ಹೇಳುತ್ತೇನೆ. ಈ ಲೆಕ್ಕವನ್ನು ನಾನು ಮೊದಲೇ ಹಾಕಿದ್ದರೆ ಇದೊಂದೂ ನಡೆಯುತ್ತಿರಲಿಲ್ಲ. ನೀರನ್ನು ಸೀಳಿಕೊಂಡು ಸಾಗುವ ಭಾರದ ದೋಣಿಗೆ ತನ್ನದೇ ವೇಗದ ಮಿತಿಯಿದೆ. ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸರಿಸುಮಾರು ಆ ಮಿತಿ ನಾಟುಗಳಲ್ಲಿ (ಹಡಗಿನ ವೇಗ ಅಳೆಯುವ ಮಾನ) ಸಿಗುತ್ತದೆ. ಐದು ಅಡಿಗೆ ಅದು ಮೂರು ನಾಟು, ಅಂದರೆ ಗಂಟೆಗೆ ಐದೂವರೆ ಕಿಲೋಮೀಟರ್, ಬಿರುಸಾಗಿ ನಡೆಯುವವರ ವೇಗ. ಅದನ್ನು ಮೀರಿಸಲು ಎಷ್ಟು ಶಕ್ತಿ ಸುರಿದರೂ ದೋಣಿ ಹಿಂಭಾಗ ಮುಳುಗಿಸಿ ಅಲೆ ಎಬ್ಬಿಸುತ್ತದೆಯೇ ಹೊರತು ಆ ಶಕ್ತಿಗೆ ತಕ್ಕ ಓಟ ಬರುವುದಿಲ್ಲ. ಅಲ್ಲದೆ ಒಂದೇ ಫ್ಯಾನನ್ನು ಎರಡು ಪಟ್ಟು ವೇಗದಲ್ಲಿ ತಿರುಗಿಸಲು ಸುಮಾರು ಎಂಟು ಪಟ್ಟು ಶಕ್ತಿ ಬೇಕು. ನನ್ನ ದೋಣಿಗೆ ಬೇಕಿದ್ದದ್ದು ಎಷ್ಟು ಗೊತ್ತೇ? ಈಗ ಅದರಲ್ಲಿ ಕೂತಿರುವುದು ಹಳೆಯ ಕಾರಿನ ಬ್ಲೋವರ್ ಮೋಟಾರು. ಟೂತ್ ಬೆಲ್ಟಿನಿಂದ ವೇಗವನ್ನು ಅರ್ಧಕ್ಕೆ ಇಳಿಸಿದ್ದೇನೆ. ಪೂರ್ಣ ಓಟದಲ್ಲಿ ಅದು 12 ವೋಲ್ಟಿನಲ್ಲಿ ನಾಲ್ಕು ಆಂಪಿಯರ್ ಎಳೆಯುತ್ತದೆ, ಅಂದರೆ 48 ವಾಟ್. ಎರಡು ಎಚ್‌ಪಿ ಎಂದರೆ ಸುಮಾರು 1,500 ವಾಟ್. ಯುಪಿಎಸ್ಸಿನಲ್ಲಿ ಇರುವಂಥ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಒಂದು ಗಂಟೆಗೂ ಮೀರಿ ಓಡುತ್ತದೆ, ಹಿಂದಕ್ಕೂ ಬರುತ್ತದೆ. ಬ್ಯಾಟರಿಯ ಭಾರ ತಳದಲ್ಲಿ ಕೂತು ದೋಣಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಮೊದಲು ಅದಕ್ಕೆಂದೇ ಮರಳಿನ ಚೀಲ ಇಡುತ್ತಿದ್ದೆ.

ಕೇಳಿದ ತಕ್ಷಣ ಬ್ರಶ್‌ಲೆಸ್ ಮೋಟಾರು ಕೊಡುವವರೂ ಇದ್ದಾರೆ. ಅದರ ಕೆವಿ ಸಂಖ್ಯೆಯನ್ನು (ಭಾರವಿಲ್ಲದೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು) ವೋಲ್ಟಿನಿಂದ ಗುಣಿಸಿ ನೋಡಿ. 2,000 ಕೆವಿ ಮೋಟಾರಿಗೆ 22.2 ವೋಲ್ಟಿನ ಆರು ಸೆಲ್ ಲಿಪೋ ಬ್ಯಾಟರಿ ಕೊಟ್ಟರೆ ಭಾರವಿಲ್ಲದೆ ನಿಮಿಷಕ್ಕೆ 44,000 ಸುತ್ತು ದಾಟುತ್ತದೆ. ಅದು ಅಂಗೈಯಗಲಕ್ಕಿಂತ ಚಿಕ್ಕ ಫ್ಯಾನಿನ ರೇಸಿನ ದೋಣಿಗೆ. ಟ್ರಾಲ್ ಬೋಟು, ಟಗ್, ಹಡಗುಗಳ ಅಗಲ ಫ್ಯಾನಿಗೆ ಜೋಡಿಸಿದರೆ ಮೊದಲು ಸುಡುವುದು ಸ್ಪೀಡ್ ಕಂಟ್ರೋಲರ್.

ನೀರಿನ ಮೇಲೆ ಜಾರುವ ವೇಗದ ದೋಣಿಗೆ ಪೆಟ್ರೋಲ್ ಎಂಜಿನ್ ಹಾಕುವವರನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಅದಕ್ಕೆಂದೇ ಮಾಡಿದ ಎಂಜಿನ್ ಕೊಳ್ಳಿ. ಜಪಾನಿನ ಜೆನೋವಾ ಜಿ260ರಂಥ ಎಂಜಿನ್ 25.4 ಸಿಸಿ, ನನ್ನದರ ಅರ್ಧ. ಸಿಲಿಂಡರಿನ ಸುತ್ತ ನೀರು ಹರಿಯುವ ಕವಚವಿರುತ್ತದೆ. ದೋಣಿ ಓಡುವಾಗ ಬದಿಯ ಕೊಳವೆಯಿಂದ ನೀರಿನ ಎಳೆ ಚಿಮ್ಮುವುದು ಕಾಣುತ್ತಿರಬೇಕು. ಅದು ನಿಂತರೆ ದೋಣಿಯನ್ನು ಕೂಡಲೇ ದಡಕ್ಕೆ ತನ್ನಿ. ಇಗ್ನಿಷನ್ನನ್ನು ರಿಮೋಟಿನಿಂದಲೇ ಕಡಿಯುವ ಸ್ವಿಚ್ಚು ಥ್ರಾಟಲ್ಲಿಗೆ ಸಂಬಂಧವಿಲ್ಲದಂತೆ ಬೇರೆಯಾಗಿರಲಿ. ಸಿಗ್ನಲ್ ತಪ್ಪಿದರೂ ಅದು ಎಂಜಿನ್ ಆರಿಸುವಂತಿರಲಿ. ಮುಚ್ಚಳದ ಹೊರಗೆ, ಕೈಗೆ ಸಿಗುವಲ್ಲಿ ಇನ್ನೊಂದು ಸ್ವಿಚ್ಚು ಇರಲಿ. ಸ್ಪಾರ್ಕ್ ಪ್ಲಗ್ಗು ರೆಸಿಸ್ಟರ್ ಇರುವುದೇ ಬೇಕು, ಇಲ್ಲದಿದ್ದರೆ ಕಿಡಿಯಿಂದ ಹೊಮ್ಮುವ ರೇಡಿಯೋ ಗದ್ದಲ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರನ್ನು ಗೊಂದಲಕ್ಕೀಡುಮಾಡಬಹುದು. ಎನ್‌ಜಿಕೆ ಪ್ಲಗ್ಗಾದರೆ ಬಿಪಿಎಂಆರ್7ಎ ಎಂಬ ಹೆಸರಿನಲ್ಲಿರುವ "ಆರ್" ಅದರ ಗುರುತು.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲೇ ಕೂತಿರುತ್ತದೆ, ಒಂದು ಕಿಡಿ ಸಾಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ನನ್ನ ಎಂಜಿನ್ನಿನ ಅಗ್ಗದ ರಬ್ಬರ್ ಕೊಳವೆ ಮೂರೇ ವಾರದಲ್ಲಿ ಹಿಂಡಿದರೆ ಅಂಟುವಷ್ಟು ಮೆತ್ತಗಾಗಿತ್ತು. ಆ ಭಾನುವಾರ ಬೆಂಕಿಯೂ ಹೊತ್ತಿಕೊಳ್ಳಬಹುದಿತ್ತು ಎಂದು ಆಮೇಲೆ ತಿಳಿಯಿತು.

ಎಂಜಿನ್ನಿಗೆ ಕ್ಲಚ್ ಮರಳಿ ಹಾಕಿಸಿ ನೆರೆಮನೆಯವರ ತೋಟಕ್ಕೆ ಕೊಟ್ಟೆ, ಅಲ್ಲಿ ಚೆನ್ನಾಗಿಯೇ ಓಡುತ್ತಿದೆ. ಹುಡುಗನ ಗಾಯ ಮಾಗಿದೆ. ಕಿರುಬೆರಳು ಮಾತ್ರ ಇನ್ನೂ ಪೂರ್ತಿ ಮಡಚುವುದಿಲ್ಲ. ವೈದ್ಯರು ಹೇಳಿದಂತೆ ದಿನಕ್ಕೆ ಮೂರು ಹೊತ್ತು ಸ್ಪಂಜಿನ ಚೆಂಡು ಹಿಂಡುತ್ತಾನೆ, ಸಂಜೆಯ ಹೊತ್ತು ನಾನು ಪಕ್ಕದಲ್ಲಿ ಕುಳಿತು ಎಣಿಸುತ್ತೇನೆ.